ಗಂಟೆಗೆ ಐದು ನಿಮಿಷ ಬಿಡುವು ಕೊಟ್ಟರೆ ಕಂಪನಿಗೆ ನಷ್ಟವೇ?

ದಿನವಿಡೀ ಕೀಬೋರ್ಡ್ ಒತ್ತುವವರಿಗೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ, ಬೀಡಿ ಕಟ್ಟುವವರಿಗೆ ಮಣಿಕಟ್ಟು, ಮೊಣಕೈ, ಭುಜಗಳಲ್ಲಿ ಬರುವ ನೋವನ್ನು ವೈದ್ಯರು ಆರ್‌ಎಸ್‌ಐ ಎನ್ನುತ್ತಾರೆ. ಒಂದೇ ಚಲನೆ ಸಾವಿರಾರು ಸಲ ಮರುಕಳಿಸಿ, ನಡುವೆ ಚೇತರಿಸಿಕೊಳ್ಳಲು ಸಮಯ ಸಿಗದಿದ್ದರೆ ಸ್ನಾಯು, ನರಗಳಿಗೆ ಹಾನಿಯಾಗುತ್ತದೆ. ಬಿಡುವು ಕೊಟ್ಟರೆ ಇದನ್ನು ತಗ್ಗಿಸಬಹುದು. ಆದರೆ ಬಿಡುವು ಹೆಚ್ಚಿದಷ್ಟೂ ಕೆಲಸ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅಡ್ಡ ಬರುತ್ತದೆ.

ಈ ನಂಬಿಕೆಯನ್ನು ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ನಿಯೋಶ್, ಅಲ್ಲಿನ ತೆರಿಗೆ ಇಲಾಖೆಯ ಡೇಟಾ ಎಂಟ್ರಿ ನೌಕರರ ಮೇಲೆ ನಡೆಸಿದ ಅಧ್ಯಯನವನ್ನು 2000ರಲ್ಲಿ ಪ್ರಕಟಿಸಿತು. ಅವರಿಗೆ ಮೊದಲೇ 15 ನಿಮಿಷದ ಎರಡು ವಿರಾಮಗಳಿದ್ದವು. ವಿರಾಮವಿಲ್ಲದ ಪ್ರತಿ ಗಂಟೆಯಲ್ಲೂ ಐದು ನಿಮಿಷ ಸೇರಿಸಲಾಯಿತು. ದಿನಕ್ಕೆ 20 ನಿಮಿಷ ಹೆಚ್ಚು, ಅಂದರೆ ಎಂಟು ಗಂಟೆಯ ಪಾಳಿಯಲ್ಲಿ ಸುಮಾರು ಶೇ 4. ಅದೇ ನೌಕರರು ಕೆಲವು ವಾರ ಹಳೆಯ ವೇಳಾಪಟ್ಟಿಯಲ್ಲಿ, ಕೆಲವು ವಾರ ಹೊಸದರಲ್ಲಿ ದುಡಿದರು. ಹೊಸದರಲ್ಲಿ ಮೈಕೈ ನೋವು, ಕಣ್ಣಿನ ಆಯಾಸ ಎರಡೂ ಕಡಿಮೆಯಾದವು. ಕೆಲಸದ ಪ್ರಮಾಣ ಮಾತ್ರ ಇಳಿಯಲಿಲ್ಲ! ದಣಿಯದ ಕೈ ಕಳೆದ ನಿಮಿಷಗಳನ್ನು ವೇಗದಲ್ಲಿ ತುಂಬಿಕೊಟ್ಟಿತ್ತು.

(ಕಂಪನಿಗಳಿಗೆ ಇದಕ್ಕಿಂತ ಪ್ರಿಯವಾದದ್ದು ‘ಸರಿಯಾಗಿ ಕೂರುವುದು ಹೇಗೆ’ ಎಂಬ ಒಂದು ಗಂಟೆಯ ತರಬೇತಿ. ಅದೊಂದರಿಂದಲೇ ನೋವು ತಗ್ಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ.)

ಹಾಗಿದ್ದರೆ ಎಲ್ಲರೂ ಏಕೆ ಒಪ್ಪುವುದಿಲ್ಲ? 2000ದ ನವೆಂಬರ್‌ನಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ ಇಂಥ ನೋವು ತಡೆಯುವ ನಿಯಮ ಹೊರಡಿಸಿತು. ಅದರ ಅಂದಾಜಿನಲ್ಲಿ ವರ್ಷಕ್ಕೆ ಖರ್ಚು 450 ಕೋಟಿ ಡಾಲರ್, ಲಾಭ 910 ಕೋಟಿ. ಖರ್ಚು ಇದರ ಹಲವು ಪಟ್ಟು ಎಂದು ಉದ್ಯಮ ಸಂಘಟನೆಗಳು ವಾದಿಸಿದವು. 2001ರ ಮಾರ್ಚ್‌ನಲ್ಲಿ, ಜಾರಿಯಾಗಿ ಎರಡೇ ತಿಂಗಳಿಗೆ, ನಿಯಮ ರದ್ದಾಯಿತು.

ನಮಗೆ ಕಾಣುವಂತೆ ತೊಡಕು ಮೊತ್ತಕ್ಕಿಂತ ಹೆಚ್ಚಾಗಿ ಯಾರ ಪುಸ್ತಕದಲ್ಲಿ ಏನು ಬರೆದಿದೆ ಎಂಬುದರಲ್ಲಿದೆ. ಹೊಸ ಮೇಜಿನ ಬಿಲ್ ಮಾಲೀಕರಿಗೆ ಇಂದೇ ಬರುತ್ತದೆ. ಬಾರದೇ ಉಳಿದ ನೋವಿಗೆ ಬಿಲ್ಲೇ ಇಲ್ಲ. ಭುಜ ಹಿಡಿದುಕೊಂಡು ಕೆಲಸ ಬಿಟ್ಟವಳ ಚಿಕಿತ್ಸೆ, ಕಳೆದ ಸಂಬಳ ಅವಳ ಮನೆಯ ಖರ್ಚಿಗೆ ಸೇರುತ್ತವೆ. ಯಂತ್ರದ ಮುಂದೆ ಇನ್ನೊಬ್ಬರು ಕೂರುತ್ತಾರೆ.

2025ರವರೆಗೆ ಜಾರಿಯಲ್ಲಿದ್ದ ನಮ್ಮ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ 29 ಕಾಯಿಲೆಗಳಿದ್ದವು. ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡುತನ ಎಲ್ಲವೂ ಇದ್ದವು, ಆರ್‌ಎಸ್‌ಐ ಇರಲಿಲ್ಲ. ವರದಿಯಾಗದ ನೋವು ಯಾವ ಅಂದಾಜಿಗೂ ಸೇರದು. ಇನ್ನು ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಪಡೆಯುವ ದಕ್ಷಿಣ ಕನ್ನಡದ ಮಹಿಳೆಗೆ ಕಂಪನಿ ಬಿಡುವು ಕೊಡುವ ಪ್ರಶ್ನೆಯೇ ಬರುವುದಿಲ್ಲ. ಐದು ನಿಮಿಷ ಕೈ ನಿಲ್ಲಿಸಿದರೆ ಆ ಖರ್ಚು ಅವಳದೇ.