ಕೇದಾರಯಾತ್ರೆ ಮತ್ತು ನಿದ್ರೆಯಲ್ಲಿ ಕಟ್ಟುವ ಉಸಿರು

ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಕೇದಾರನಾಥನ ಬಾಗಿಲು ತೆರೆಯುವ ದಿನ ಪ್ರಕಟವಾದೊಡನೆ ಜೆ.ಪಿ. ನಗರದ ನಮ್ಮ ಚಿಕಿತ್ಸಾಲಯಕ್ಕೆ ಯಾತ್ರಾರ್ಥಿಗಳು ಬರತೊಡಗುತ್ತಾರೆ. ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರದೊಡನೆ ನಮ್ಮವರ ನಂಟು ಹಳೆಯದಲ್ಲವೇ! ಮಂಡಿನೋವು, ರಕ್ತದೊತ್ತಡ, ಸಕ್ಕರೆ ಇವುಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಗೊರಕೆಯ ವಿಷಯವನ್ನು ಮಾತ್ರ ಯಾರೂ ತಾವಾಗಿ ಎತ್ತುವುದಿಲ್ಲ. ಜೊತೆಗೆ ಬಂದ ಮನೆಯವರೇ ಹೇಳಬೇಕು.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ಹಾದಿ ಮುಚ್ಚಿಕೊಳ್ಳುವುದುಂಟು. ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಉಸಿರು ನಿಂತು, ರೋಗಿಯು ಏದುಸಿರಿನೊಡನೆ ಬೆಚ್ಚಿ ಏಳುತ್ತಾನೆ. ಇದೇ ಸ್ಲೀಪ್ ಆಪ್ನಿಯಾ. ಮಾಧವನಿದಾನವು ಮೇದೋರೋಗದ ಲಕ್ಷಣಗಳಲ್ಲಿ ‘ಕ್ರಥನ’ವನ್ನು ಹೆಸರಿಸುತ್ತದೆ, ಉಸಿರು ಥಟ್ಟನೆ ಕಟ್ಟುವುದೆಂದು ಅದರ ಅರ್ಥ.

ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟೇ. ಪ್ರಾಣವಾಯು ಸಾಲದೆ ದೇಹವು ವೇಗವಾಗಿ ಉಸಿರಾಡುತ್ತದೆ. ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ಅದು ತಗ್ಗಿದಾಗ ನಿದ್ರಿಸುವ ಮಿದುಳು ಉಸಿರಾಡೆಂದು ಪ್ರೇರಿಸುವುದನ್ನೇ ಕ್ಷಣಕಾಲ ಬಿಡುತ್ತದೆ. ಆರೋಗ್ಯವಂತರಿಗೂ ಎತ್ತರದಲ್ಲಿ ಹೀಗಾಗುತ್ತದೆ. ಆಪ್ನಿಯಾ ಇರುವವರಿಗಾದರೋ ಗಂಟಲಿನ ತಡೆಯೂ ಮಿದುಳಿನ ಮೌನವೂ ಒಂದೇ ರಾತ್ರಿಯಲ್ಲಿ ಕೂಡಿಬರುತ್ತವೆ.

ನಾಲ್ಕು ವರ್ಷಗಳಿಂದ ಸಿಪ್ಯಾಪ್ ಯಂತ್ರ ಬಳಸುತ್ತಿದ್ದ ಹಿರಿಯರೊಬ್ಬರು ಕಳೆದ ವರ್ಷ, “ಡಾಕ್ಟರೇ, ಸ್ವಾಮಿಯ ಸನ್ನಿಧಿಗೆ ಹೋಗುವಾಗ ಬೆನ್ನಿನ ಮೇಲೆ ಈ ಯಂತ್ರದ ಹೊರೆ ಏಕೆ?” ಎಂದರು. ಕನ್ನಡಕವನ್ನೂ ಮನೆಯಲ್ಲಿಯೇ ಬಿಟ್ಟು ಹೋಗುವಿರಾ ಎಂದು ಕೇಳಿದೆ. ನಕ್ಕು ಒಪ್ಪಿದರು. ಮೊದಲು ಶ್ವಾಸಕೋಶ ತಜ್ಞರಲ್ಲಿಗೆ ಕಳುಹಿಸಿದೆ. ಗುಪ್ತಕಾಶಿಯಲ್ಲಿ ಎರಡು ರಾತ್ರಿ ತಂಗಿ, ಗೌರೀಕುಂಡದಿಂದ ಹದಿನಾರು ಕಿಲೋಮೀಟರ್ ಹಾದಿಯನ್ನು ನಿಧಾನವಾಗಿ ಏರಿ, ಮೇಲೆ ಒಂದೇ ರಾತ್ರಿ ಯಂತ್ರದೊಡನೆ ಮಲಗಿ ಕ್ಷೇಮವಾಗಿ ಬಂದರು.

ಯಂತ್ರ ಒಯ್ಯುವವರು ಕೆಲವು ಸಂಗತಿಗಳನ್ನು ಅರಿತಿರಬೇಕು. ಡೇರೆಗಳಲ್ಲಿ ವಿದ್ಯುತ್ತನ್ನು ನಂಬಿ ಹೋಗಲಾಗದು, ಬ್ಯಾಟರಿ ಬೇಕು. ವಿಮಾನದಲ್ಲಿ ಹೆಚ್ಚುವರಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿಯೇ ಇಡಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಅವಶ್ಯ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಹೊದಿಕೆಯೊಳಗೆ ಬೆಚ್ಚಗಿಡಿ. ತೇವಾಂಶದ ತೊಟ್ಟಿಯು ಬಹಳ ವಿದ್ಯುತ್ ನುಂಗುವುದರಿಂದ ಅದನ್ನು ಆರಿಸಬಹುದು. ಹಳೆಯ ಯಂತ್ರಗಳು ಎತ್ತರದಲ್ಲಿ ನಿಗದಿತ ಒತ್ತಡ ಕೊಡುವುದಿಲ್ಲ. ಹೊಸವು ತಾವೇ ಹೊಂದಿಸಿಕೊಂಡರೂ ಅವಕ್ಕೊಂದು ಎತ್ತರದ ಮಿತಿಯುಂಟು. ಕೈಪಿಡಿ ಓದಿ.

ಹೆಲಿಕಾಪ್ಟರ್ ಸುಖವೆಂದು ಹಲವರ ಎಣಿಕೆ. ಅದರಲ್ಲಿ ಹೋಗಿ ಅಂದೇ ಇಳಿದು ಬರುವವರಿಗೆ ನನ್ನ ಆಕ್ಷೇಪವಿಲ್ಲ. ನಿಮಿಷಗಳಲ್ಲಿ ಮೇಲೇರಿ ಅಲ್ಲಿಯೇ ರಾತ್ರಿ ಮಲಗುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ದೇಹಕ್ಕೆ ಒಗ್ಗಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಕೈಲಾಸ ಪರಿಕ್ರಮೆಯ ಮಾತು ಬೇರೆಯೇ. ಡೋಲ್ಮಾ ಕಣಿವೆದಾರಿ 5,600 ಮೀಟರ್‌ಗೂ ಮೇಲಿದೆ. ಚಿಕಿತ್ಸೆ ಪಡೆಯದ ಆಪ್ನಿಯಾ ರೋಗಿಗೆ ಅಲ್ಲಿಗೆ ಹೋಗಲು ನಾನು ಸಮ್ಮತಿಸಲಾರೆ.

ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ: ಈ ಯಂತ್ರಕ್ಕೆ ಬದಲಾಗಬಲ್ಲ ಚೂರ್ಣವಾಗಲಿ ಕಷಾಯವಾಗಲಿ ನಮ್ಮಲ್ಲಿಲ್ಲ. ಪಥ್ಯ, ವ್ಯಾಯಾಮಗಳಿಂದ ಮೇದಸ್ಸು ಕರಗಿದರೆ ರೋಗ ತಗ್ಗುತ್ತದೆ, ಆದರೆ ಅದಕ್ಕೆ ತಿಂಗಳುಗಳೇ ಬೇಕು. ಒಣಗಿದ ಮೂಗಿಗೆ ಎರಡೆರಡು ಹನಿ ಅಣುತೈಲ ಹಿತಕರ. ಮಗ್ಗುಲಾಗಿ ಮಲಗಿ. ಮದ್ಯ, ನಿದ್ರೆಯ ಗುಳಿಗೆಗಳು ಗಂಟಲನ್ನು ಇನ್ನಷ್ಟು ಸಡಿಲಿಸುವುದರಿಂದ ಸರ್ವಥಾ ವರ್ಜ್ಯ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಆಪ್ನಿಯಾ ರೋಗಿಗಳನ್ನು ಸುಮಾರು 2,590 ಮೀಟರ್ ಎತ್ತರದಲ್ಲಿ ಪರೀಕ್ಷಿಸಿ, ಯಂತ್ರವೊಂದಕ್ಕಿಂತ ಯಂತ್ರದೊಡನೆ ಅಸಿಟಜೋಲಮೈಡ್ ಮಾತ್ರೆಯೂ ಸೇರಿದರೆ ಉಸಿರಾಟ ಮೇಲೆಂದು ಕಂಡರು. ಸಲ್ಫಾ ಒಗ್ಗದವರೂ ಮೂತ್ರಪಿಂಡದ ತೊಂದರೆಯವರೂ ಅದನ್ನು ಸ್ವಂತ ಬುದ್ಧಿಯಿಂದ ನುಂಗಬಾರದು; ಉಳಿದವರೂ ತಜ್ಞರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮೇಲೆ ತಂಗಿದ ರಾತ್ರಿ ಸಂಗಡಿಗರೊಬ್ಬರು ಪಕ್ಕದಲ್ಲಿರಲಿ. ಸುಮ್ಮನೆ ಕುಳಿತಾಗಲೂ ಏದುಸಿರು, ನೊರೆಗಫ, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಿನ ದರ್ಶನಕ್ಕೆ ಕಾಯದೆ ಆಮ್ಲಜನಕ ಕೊಡಿಸಿ, ಕೂಡಲೇ ಕೆಳಗಿಳಿಸಬೇಕು.