ಹೆರಿಗೆ ಕೋಣೆಗೆ ಇನ್ನೊಬ್ಬಾಕೆ

ನಮ್ಮ ಕೂಡ್ಲಿಗಿ ಕಡೆ ಹೆರಿಗೆ ಬ್ಯಾನಿ ಶುರುವಾದರೆ ಮೊದಲ ಫೋನು ಆಶಾ ಕಾರ್ಯಕರ್ತೆಗೆ, ಎರಡನೆಯದು 108ಕ್ಕೆ. ಆಂಬುಲೆನ್ಸಿನಲ್ಲಿ ಬಸುರಿಯ ಹಿಂದೆ ತಾಯಿ, ಅತ್ತೆ, ದೊಡ್ಡಮ್ಮ, ಬಿಸಿನೀರಿನ ಫ್ಲಾಸ್ಕು, ಹಳೇ ಸೀರೆಯ ಗಂಟು ಎಲ್ಲ ಹತ್ತುತ್ತವೆ. ಈ ಮೆರವಣಿಗೆಯೆಲ್ಲ ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲವರೆಗೆ ಮಾತ್ರ. ಒಳಗೆ ಹೋಗುವವಳು ಬಸುರಿ ಒಬ್ಬಳೇ.

ಈ ಸೀಮೆಯ ಉಪಕೇಂದ್ರಗಳಲ್ಲಿ ನರ್ಸಮ್ಮನಾಗಿ ಸರ್ವೀಸು ಮುಗಿಸಿದವಳು ನಾನು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಹಳ್ಳಿಗಳು, ತಾಂಡಾಗಳು ನನಗೆ ಮನೆಯ ಲೆಕ್ಕದಲ್ಲಿ ಗೊತ್ತು. ಹರಪನಹಳ್ಳಿಯಂತೂ ನನ್ನ ಕಣ್ಣೆದುರೇ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಯಾವುದಾದರೇನು, ಹೆರಿಗೆ ಕಷ್ಟವಾದರೆ ಅಲ್ಲಿಯ ಜನ ಓಡುವುದು ಇವತ್ತಿಗೂ ದಾವಣಗೆರೆಗೇ.

ಬೆಂಗಳೂರಿನಲ್ಲಿ ಈಗ ‘ಡೌಲಾ’ ಎಂಬ ಕೆಲಸದವರಿದ್ದಾರೆ. ಡಾಕ್ಟರಲ್ಲ, ನರ್ಸಲ್ಲ. ಒಳಪರೀಕ್ಷೆ ಮಾಡುವುದಿಲ್ಲ, ಇಂಜೆಕ್ಷನ್ ಕೊಡುವುದಿಲ್ಲ, ಹೊಕ್ಕುಳ ಬಳ್ಳಿಗೆ ಕೈ ಹಚ್ಚುವುದಿಲ್ಲ. ಬಸುರಿಯಾದಾಗಿನಿಂದ ಒಡನಾಟ ಇಟ್ಟುಕೊಂಡು, ಅವಳ ಹೆದರಿಕೆ ಏನೆಂದು ಕೇಳಿ, ಹೆರಿಗೆ ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳುತ್ತಾರೆ. ಬ್ಯಾನಿ ಶುರುವಾದ ಮೇಲೆ ಬಿಟ್ಟು ಕದಲುವುದಿಲ್ಲ. ಹೆತ್ತ ಮೇಲೂ ಮನೆಗೆ ಬಂದು ಎದೆಹಾಲು ಕುಡಿಸಲು ಕೂಡಿಸುತ್ತಾರೆ, ಬಾಣಂತಿಗೆ ಎರಡು ತಾಸು ನಿದ್ದೆ ಸಿಗುವಂತೆ ನೋಡುತ್ತಾರೆ. ಇದಕ್ಕೆಲ್ಲ ಫೀಸು ಉಂಟು. ಕೂಲಿ ಮನೆಯ ಹೆಂಗಸಿಗೆ ಆ ಮಾತು ದೂರ.

ಕೆಲಸ ಮಾತ್ರ ನಮಗೆ ಹೊಸದಲ್ಲ. ನಾನು ಸರ್ವೀಸಿಗೆ ಸೇರಿದ ಹೊಸದರಲ್ಲಿ ತಾಂಡಾದ ಒಬ್ಬ ಸೂಲಗಿತ್ತಿಯನ್ನು ಹತ್ತಿರ ಕೂತು ನೋಡಿದ್ದೆ. ಚೊಚ್ಚಲ ಬಸುರಿ ಗೋಡೆ ಹಿಡಿದು ನಿಂತಿದ್ದಳು. ನೋವು ಬಂದಾಗಲೆಲ್ಲ ‘ಯಾಡೀ’ ಎಂದು ಅವ್ವನನ್ನು ಕೂಗುವಳು. ಮುದುಕಿ ಹಿಂದೆ ನಿಂತು, ಎರಡೂ ಅಂಗೈಯನ್ನು ಅವಳ ಟೊಂಕದ ಕೆಳಗೆ ಊರಿ, ನೋವು ಏರುವಷ್ಟೂ ಹೊತ್ತು ಒತ್ತಿ ಹಿಡಿಯುತ್ತಿದ್ದಳು. ನೋವು ಇಳಿದರೆ ಕೈ ಸಡಿಲ. ಒಂದು ಗುಟುಕು ನೀರು, ನಾಲ್ಕು ಹೆಜ್ಜೆ ನಡಿಗೆ, ಉಚ್ಚೆಗೆ ಹೋಗಿ ಬಾ ಎಂಬ ಮಾತು. ಮತ್ತೆ ನೋವು, ಮತ್ತೆ ಕೈ. ರಾತ್ರಿಯೆಲ್ಲ ಇದೇ. ನನ್ನ ತರಬೇತಿಯಲ್ಲಿ ಯಾರೂ ಇದನ್ನು ಕಲಿಸಿರಲಿಲ್ಲ.

ಪಾವಗಡ ಸೀಮೆಯ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ಸೂಲಗಿತ್ತಿಯ ಕಾಲವೇ ಚೆಂದವಿತ್ತು ಅನ್ನುವವರ ಜೊತೆ ನಾನು ದನಿಗೂಡಿಸಲಾರೆ. ಮಾಸು ಬೀಳದೆ ನೆತ್ತರು ಹೋಗಿ ದಾರಿಯಲ್ಲೇ ಜೀವ ಬಿಟ್ಟವರನ್ನು ಕಂಡಿದ್ದೇನೆ. ಹೊಟ್ಟೆಯ ಮೇಲೆ ಬಲವಾಗಿ ಒತ್ತುವುದು, ಗಿಣ್ಣು ಹಾಲು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು, ಕೂಸಿನ ಮೂಗಿಗೆ ಎಣ್ಣೆ ಬಿಡುವುದು ಎಲ್ಲವೂ ಆಗಿನವೇ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ನನ್ನ ತಕರಾರು ಇಷ್ಟೇ: ಸೂಲಗಿತ್ತಿಯ ಕತ್ತರಿ ದಾರ ಬಿಡಿಸುವಾಗ ಟೊಂಕ ಹಿಡಿದ ಕೈಯನ್ನೂ ಯಾಕೆ ಹೊರಗೆ ಹಾಕಿದೆವು?

ಆ ಕೈಗೆ ಎಷ್ಟು ಬೆಲೆಯಿದೆ ಎಂದು ಡಾಕ್ಟರುಗಳೇ ಲೆಕ್ಕ ಹಾಕಿದ್ದಾರೆ. ಗ್ವಾಟೆಮಾಲಾ ದೇಶದ ಒಂದು ಗಿಜಿಗುಡುವ ಆಸ್ಪತ್ರೆಯಲ್ಲಿ ಕೆಲವು ಚೊಚ್ಚಲ ಬಸುರಿಯರ ಜೊತೆ ಗುರುತಿಲ್ಲದ ಸಾಮಾನ್ಯ ಹೆಂಗಸೊಬ್ಬಳನ್ನು ಕೂಡಿಸಿ ನೋಡಿದರು. ಬೆನ್ನು ತಿಕ್ಕುವುದು, ಕೈ ಹಿಡಿಯುವುದು, ಮಾತಾಡಿಸುವುದು ಬಿಟ್ಟರೆ ಆಕೆಗೆ ಬೇರೆ ಕೆಲಸವಿಲ್ಲ. 1980ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಆಸ್ಪತ್ರೆ ಸೇರಿದಾಗಿನಿಂದ ಹೆರಿಗೆಯವರೆಗೆ ಜೊತೆ ಇದ್ದವರಿಗೆ ಸರಾಸರಿ 8.8 ತಾಸು, ಒಂಟಿ ಇದ್ದವರಿಗೆ 19.3 ತಾಸು. ಎರಡೂ ಗುಂಪಿನಲ್ಲಿ ತಲಾ 20 ಜನರಷ್ಟೇ ಎಂದು ಮೂಗು ಮುರಿಯಬಹುದು. ಆದರೆ 2017ರಲ್ಲಿ ಕಾಕ್ರೇನ್ ಸಂಸ್ಥೆ 17 ದೇಶಗಳ 26 ಅಧ್ಯಯನ, ಸುಮಾರು 16,000 ಬಸುರಿಯರ ಲೆಕ್ಕ ಒಟ್ಟು ಹಾಕಿದಾಗಲೂ ಮಾತು ಬದಲಾಗಲಿಲ್ಲ. ಬಿಡದೆ ಜೊತೆಗೊಬ್ಬರಿದ್ದರೆ ಸಿಸೇರಿಯನ್ ಕಡಿಮೆ, ನೋವಿನ ಮದ್ದು ಕಡಿಮೆ, ಹೆರಿಗೆಯೂ ಬೇಗ. ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಬ್ಯಾನಿ ತರುವ ಆಕ್ಸಿಟೋಸಿನ್ ಹಿಂದೆ ಸರಿಯುತ್ತದೆ. ಧೈರ್ಯ ಹೇಳುವುದೂ ಒಂದು ಮದ್ದೇ.

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಬರೆದಿದೆ, ಬಸುರಿಯ ಜೊತೆ ಒಬ್ಬ ಹೆಂಗಸನ್ನು ಹೆರಿಗೆ ಕೋಣೆಗೆ ಬಿಡಿ ಎಂದು. ಆಕೆ ತಾನೂ ಹೆತ್ತವಳಾಗಿರಬೇಕು, ಅಂಟುರೋಗ ಇರಬಾರದು, ಮಡಿ ಬಟ್ಟೆ ಉಟ್ಟಿರಬೇಕು, ಕೊನೆತನಕ ಇರಬೇಕು, ಸಿಬ್ಬಂದಿ ಕೆಲಸಕ್ಕೆ ಅಡ್ಡ ಬರಬಾರದು. 2017ರ ಕೊನೆಗೆ ಬಂದ ‘ಲಕ್ಷ್ಯ’ ಯೋಜನೆಯೂ ಇದನ್ನೇ ಹೇಳುತ್ತದೆ. ಆದರೂ ‘ಹೊರಗ ಕುಂದ್ರಮ್ಮ’ ಎಂಬ ಕೂಗು ನಿಂತಿಲ್ಲ. ಒಳಗಿನವರ ಕಷ್ಟವೂ ಗೊತ್ತು. ನಾಲ್ಕು ಟೇಬಲ್ಲಿಗೆ ಒಬ್ಬಳೇ ಸ್ಟಾಫ್ ನರ್ಸು, ನಡುವೆ ಪರದೆ ಇಲ್ಲ. ಹಾಗಿದ್ದರೆ ಮೊದಲು ಪರದೆ ಕಟ್ಟಿಸಲಿ, ಅದಕ್ಕೇನು ಕೋಟಿ ಬೇಕೆ?

ಹೆತ್ತ ಮೇಲಿನ ಕತೆ ಬೇರೆ. ನಮ್ಮಲ್ಲಿ ಬಾಣಂತನ ಇನ್ನೂ ಗಟ್ಟಿಯಾಗಿದೆ. ಅಂಟಿನುಂಡೆ, ಸಬ್ಬಸಿಗೆ ಪಲ್ಯ, ಸುಡು ಸುಡು ನೀರು, ಹೊರಸಿನ ಕೆಳಗೆ ಕೆಂಡದ ಬಟ್ಟಲು. ಇದು ತವರಿನಲ್ಲಿ ಅವ್ವ ಇದ್ದರೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ತಾಂಡಾಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ. ಅವ್ವ ಕಬ್ಬಿನ ಗದ್ದೆಯಲ್ಲಿ, ಮಗಳು ಬೀಗದ ಮನೆಯ ಪಕ್ಕ ಅಜ್ಜಿಯ ಜೊತೆ. ಆಶಾ 3, 7, 14, 21, 28, 42ನೇ ದಿನ ಬರುತ್ತಾಳೆ, ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಬಾಣಂತಿ ಸುಮ್ಮನೆ ಗೋಡೆ ನೋಡುತ್ತ ಅಳುತ್ತಿದ್ದರೆ ಅದನ್ನು ‘ಗಾಳಿ ಸೋಕೇದ’ ಎನ್ನುವವರೇ ಹೆಚ್ಚು. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ ಅದು ಕಾಯಿಲೆ, ಡಾಕ್ಟರಿಗೆ ತೋರಿಸಬೇಕು. ಇದನ್ನು ಗುರುತಿಸಲು ಮಗ್ಗುಲಲ್ಲಿ ಒಬ್ಬರು ಇರಬೇಕು. ಆಶಾಗೇ ಎಲ್ಲ ಹೊರಿಸುವುದು ಸುಲಭ. 2025ರ ಜನವರಿಯಲ್ಲಿ ಸರಿಯಾದ ಸಂಬಳ ಕೇಳಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದನ್ನು ನೋಡಿದವರು ಹಾಗೆ ಹೇಳಲಾರರು.

ಜೊತೆಗಾತಿ ಎಲ್ಲವನ್ನೂ ತಡೆಯುತ್ತಾಳೆಂದು ನಾನು ಹೇಳುತ್ತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಅನುಮಾನ ಡ್ರಿಪ್ಪಿನ ದ್ರಾವಣದ ಮೇಲೆ ಹೋಯಿತು. ಅಲ್ಲಿ ಯಾರ ಕೈ ಹಿಡಿದಿದ್ದರೂ ಏನು ಉಪಯೋಗ? ಔಷಧಿ, ರಕ್ತ, ಡಾಕ್ಟರು ಸರ್ಕಾರದ ಜವಾಬ್ದಾರಿ. ಒಳಗೆ ಒಬ್ಬರನ್ನು ಕಳಿಸುವುದು ನಮ್ಮ ಕೈಲಿದೆ.

ಕುಬುಸಕ್ಕೆ ಹಸಿರು ಸೀರೆ ಆರಿಸುವಾಗಲೇ ಒಳಗೆ ಯಾರು ಹೋಗಬೇಕೆಂದು ಬಸುರಿಯನ್ನೇ ಕೇಳಿ. ಅತ್ತೆಯೋ, ಅಕ್ಕನೋ, ಪಕ್ಕದ ಮನೆಯಾಕೆಯೋ, ಅವಳು ಹೇಳಿದವರೇ ಸರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಬಸುರಿಯರ ತಪಾಸಣೆಗೆ ಆಕೆಯನ್ನೂ ಕರೆದೊಯ್ದು ಸ್ಟಾಫ್ ನರ್ಸಿಗೆ ಪರಿಚಯ ಮಾಡಿಸಿ. ಬಿಡುವುದಿಲ್ಲ ಎಂದರೆ ಜಗಳ ಬೇಡ, 2016ರ ಮಾರ್ಗಸೂಚಿಯ ಹೆಸರು ಹೇಳಿ ಆಡಳಿತ ವೈದ್ಯಾಧಿಕಾರಿಗೆ ಒಂದು ಅರ್ಜಿ ಬರೆದುಕೊಡಿ.