ಬಸ್ಸು ಎಂಬ ಬಾಲ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ದಿನಾ ಬಸ್ಸಿನಲ್ಲೇ ಓಡಾಡಿದ್ದು. ಆದರೂ ‘ಬಸ್’ ಅಂದರೇನು ಎಂದು ಗೊತ್ತಾಗಿದ್ದು ರಿಟೈರ್ ಆಗುವ ಹೊತ್ತಿಗೆ, ನಿಘಂಟಿನಲ್ಲಿ ಬೇರೇನನ್ನೋ ಹುಡುಕುವಾಗ.

1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಾಸು ಕೊಟ್ಟವರೆಲ್ಲ ಹತ್ತಬಹುದಾದ ಕುದುರೆಗಾಡಿಗೆ ‘ಓಮ್ನಿಬಸ್’ ಎಂಬ ಹೆಸರು ಬಿತ್ತು. 1829ರಲ್ಲಿ ಜಾರ್ಜ್ ಶಿಲಿಬಿಯರ್ ಎಂಬಾತ ಅದನ್ನು ಲಂಡನ್ನಿನಲ್ಲಿ ಓಡಿಸಿದ. ಲ್ಯಾಟಿನ್ನಿನಲ್ಲಿ ಓಮ್ನಿಬಸ್ ಎಂದರೆ ‘ಎಲ್ಲರಿಗೆ’. ಅದರಲ್ಲಿ ‘ಇಬಸ್’ ಅನ್ನುವುದು ನಮ್ಮ ‘ಗೆ’ ಇದ್ದ ಹಾಗೆ, ಬರೀ ಪ್ರತ್ಯಯ. ಇಂಗ್ಲಿಷರು ತಲೆ ಬಿಸಾಕಿ ಬಾಲ ಇಟ್ಟುಕೊಂಡರು. ಇಷ್ಟು ವರ್ಷ ನಾನು ಓಡಿ ಹತ್ತುತ್ತಿದ್ದದ್ದು ಚತುರ್ಥಿ ವಿಭಕ್ತಿಯ ಒಂದು ಚೂರನ್ನು!

ಪದವನ್ನು ಎಲ್ಲೆಂದರಲ್ಲಿ ಕತ್ತರಿಸುವುದು ಆ ಭಾಷೆಗೆ ಹುಟ್ಟುಗುಣ. ‘ಹೆಲಿಕಾಪ್ಟರ್’ ಗ್ರೀಕ್ ಮೂಲದ್ದು: ‘ಹೆಲಿಕೊ’ ಸುರುಳಿ, ‘ಪ್ಟೆರ್’ ರೆಕ್ಕೆ. ಈಗ ‘ಹೆಲಿಪ್ಯಾಡ್’ ಒಂದು ಕಡೆ, ‘ಕಾಪ್ಟರ್’ ಇನ್ನೊಂದು ಕಡೆ. ರೆಕ್ಕೆ ಮುರಿದದ್ದು ಯಾರಿಗೂ ಗೊತ್ತಾಗಲಿಲ್ಲ. ಹ್ಯಾಂಬರ್ಗರ್ ಬಂದದ್ದು ಹ್ಯಾಂಬರ್ಗ್ ಊರಿನ ಹೆಸರಿನಿಂದ. ಜನ ‘ಹ್ಯಾಂ’ ಕಳಚಿ ‘ಬರ್ಗರ್’ ಉಳಿಸಿಕೊಂಡು, ಅದಕ್ಕೆ ಚೀಸ್ ಅಂಟಿಸಿದರು.

ನೆಟ್ಟಗೆ ಕಟ್ಟಿದ ಪದಗಳೂ ಇವೆ, ಅನ್ನಿ. ‘ಕೈಂಡ್’ ವಿಶೇಷಣ. ಹಿಂದೆ ‘ನೆಸ್’ ಹಚ್ಚಿದರೆ ನಾಮಪದ. ಮುಂದೆ ‘ಅನ್’ ಹಚ್ಚಿದರೆ ಅರ್ಥ ತಿರುಗುತ್ತದೆ, ಜಾತಿ ಮಾತ್ರ ಹಾಗೇ. ಹಿಂದಿನ ಪ್ರತ್ಯಯ ಜಾತಿ ಕೆಡಿಸುವುದು ಹೆಚ್ಚು, ಮುಂದಿನದು ಕಡಿಮೆ. ‘ಲಾರ್ಜ್’ಗೆ ಮುಂದೆ ‘ಎನ್’ ಸೇರಿದರೆ ಕ್ರಿಯಾಪದವಾಗುತ್ತದೆ. ಅಂಥ ತಂಟೆಕೋರರು ಅಲ್ಲಲ್ಲಿ. ಕಟ್ಟಿದ ಕ್ರಮ ತಿಳಿಯದಿದ್ದರೆ ಫಜೀತಿ. ‘ಅನ್‌ಲಾಕಬಲ್’ ಬಾಗಿಲು ಅಂದರೆ ಬೀಗ ಹಾಕಲಾಗದ ಬಾಗಿಲೂ ಹೌದು, ಬೀಗ ತೆಗೆಯಬಹುದಾದ ಬಾಗಿಲೂ ಹೌದು. ‘ಅನ್’ ಮೊದಲು ಅಂಟಿತೋ ‘ಏಬಲ್’ ಮೊದಲು ಅಂಟಿತೋ, ಅದರ ಮೇಲೆ.

ಪದಗಳನ್ನು ಎಂಟು ಗುಂಪು ಮಾಡುವ ಪದ್ಧತಿ ಗ್ರೀಕರಿಂದ ಬಂದದ್ದು. ಆ ಎಂಟನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದವನು. ಒಂದು ಪರೀಕ್ಷೆಯಲ್ಲಿ ‘ರೌಂಡ್’ ಯಾವ ಗುಂಪಿನದು ಎಂದು ಕೇಳಿದ್ದೆ. ವಿಶೇಷಣ ಅನ್ನಬೇಕಿತ್ತು. ಒಬ್ಬ ಹುಡುಗಿ, ‘ವಾಕ್ಯ ಕೊಟ್ಟರೆ ಹೇಳುತ್ತೇನೆ ಸಾರ್’ ಎಂದು ಬರೆದಿದ್ದಳು. ಉದ್ಧಟತನ ಅಂದುಕೊಂಡು ಸೊನ್ನೆ ಸುತ್ತಿದೆ, ಅದೂ ರೌಂಡಾಗಿಯೇ. ಅವಳು ಹೇಳಿದ್ದೇ ಸರಿ. ‘ರೌಂಡ್ ಟೇಬಲ್’ನಲ್ಲಿ ಅದು ವಿಶೇಷಣ, ‘ಫಸ್ಟ್ ರೌಂಡ್’ನಲ್ಲಿ ನಾಮಪದ, ‘ಟರ್ನ್ ರೌಂಡ್’ನಲ್ಲಿ ಕ್ರಿಯಾವಿಶೇಷಣ. ‘ಅಂಗಡಿ ರೌಂಡ್ ದಿ ಕಾರ್ನರ್ ಇದೆ’ ಎಂದರೆ ಪ್ರಿಪೊಸಿಷನ್. ಗಾಡಿ ಹೊಡೆಯುವವನಿಗೆ ‘ರೌಂಡ್ ದಿ ಕಾರ್ನರ್’ ಎಂದರೆ ಕ್ರಿಯಾಪದ. ಇಂಗ್ಲಿಷಿನಲ್ಲಿ ಎಷ್ಟೋ ಪದಗಳ ಜಾತಿ ಮುಖದಲ್ಲಿಲ್ಲ, ಕೂತ ಸೀಟಿನಲ್ಲಿದೆ.

ಗೂಗಲ್ ಕಂಪನಿಯ ಹೆಸರು ಹಾಗೇ ಸೀಟು ಬದಲಿಸಿ 2006ರಲ್ಲಿ ಕ್ರಿಯಾಪದವಾಗಿ ಆಕ್ಸ್‌ಫರ್ಡ್ ನಿಘಂಟು ಸೇರಿತು. ನಮ್ಮ ಮನೆಯಲ್ಲಿ ಆ ಸಲುಗೆ ನಡೆಯುವುದಿಲ್ಲ. ಮೊಮ್ಮಗ ‘ಗೂಗಲ್ ಮಾಡು ತಾತ’ ಅನ್ನುತ್ತಾನೆ; ‘ಮಾಡು’ ಇಲ್ಲದೆ ಕನ್ನಡ ಅದನ್ನು ಕ್ರಿಯೆ ಅಂತ ಒಪ್ಪುವುದಿಲ್ಲ. ಹಾಗೆಯೇ ಲ್ಯಾಟಿನ್ನಿನ ಆ ಹಳೆಯ ‘ಗೆ’ಯನ್ನೂ ಅದು ಬರಿಮೈಯಲ್ಲಿ ಬಿಟ್ಟಿಲ್ಲ. ನಿನ್ನೆ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ‘ಏನು ಮೇಷ್ಟ್ರೇ, ಇಲ್ಲಿ?’ ಅಂದರು.

‘ಬಸ್ಸಿಗೆ ಕಾಯ್ತಿದೀನಿ’ ಅಂದೆ. ಒಂದು ‘ಗೆ’ಯ ಮೇಲೆ ಇನ್ನೊಂದು ‘ಗೆ’.